ಗುಟ್ಟಿನ ಕಾಕಾ

ಈ ಕಾಕಾ ನಿಮಗೂ ಗೊತ್ತು. ಬೈಲಹೊಂಗಲದ ಅಡತಿ ಅಂಗಡಿಯಲ್ಲಿ, ಕಿತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ, ಸವದತ್ತಿಯ ಚಾದಂಗಡಿಯಲ್ಲಿ, ರಾಮದುರ್ಗದ ಸೀರೆ ಅಂಗಡಿಯ ಗಾದಿಯ ಮೇಲೆ, ಎಲ್ಲ ಕಡೆಗೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬಿಳಿ ಟೋಪಿ, ಬಿಳಿ ಅಂಗಿ, ಮೇಲಿನ ಕಿಸೆಯಲ್ಲಿ ಫೋನು, ಒಳಕಿಸೆಯಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಪಾಸ್‌ಬುಕ್ಕು. ಊರಿಗೆಲ್ಲ ಕಾಕಾ. ಅವರ ಬಗ್ಗೆ ಊರು ಹೇಳುವುದು ಒಂದೇ ಮಾತು: "ಕಾಕಾನ ಹೊಟ್ಟ್ಯಾಗಿನ ಮಾತು ಕಾಕಾನ ಹೊಟ್ಟಿಗೂ ಗೊತ್ತಿಲ್ಲ."

ಈ ಸಲ ಹತ್ತಿ ಎಷ್ಟು ಕ್ವಿಂಟಲ್ ಆಯಿತೆಂದು ತಮ್ಮ ಕೇಳಿದರೆ, "ಹುಳಾ ತಿಂದು ಬಿಟ್ಟಷ್ಟು" ಎನ್ನುತ್ತಾರೆ. ಬೀಗರು ಕೇಳಿದರೆ ಮಳೆಯ ಸುದ್ದಿ ತೆಗೆಯುತ್ತಾರೆ. ಹೆಂಡತಿ ಕೇಳಿದರೆ ಕೆಮ್ಮು ಬರುತ್ತದೆ.

ಅವರನ್ನು ದೂರಿ ಫಲವಿಲ್ಲ. ಅವರು ಕಲಿತ ಶಾಲೆಯೇ ಅಂಥದು. ಈ ಸೀಮೆಯ ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ದಲಾಲಿ ಕೈಮೇಲೆ ಟವೆಲ್ಲು ಇಳಿಬಿಡುತ್ತಿದ್ದ. ಅದರ ಕೆಳಗೆ ಬೆರಳು ಹಿಡಿದು, ಬೆರಳು ಮಡಚಿ, ಸಾವಿರವೆಷ್ಟು ನೂರೆಷ್ಟು ಎಂದು ತಿಳಿಸುತ್ತಿದ್ದ. ಸುತ್ತ ಊರೇ ನಿಂತಿದ್ದರೂ ಬೆಲೆ ಗೊತ್ತಿರುತ್ತಿದ್ದುದು ಇಬ್ಬರಿಗೆ ಮಾತ್ರ. ಕಾಕಾ ಆ ವಿದ್ಯೆಯಲ್ಲಿ ಪಳಗಿದವರು.

ಇಂಥವರಿಗೆ ಮಗ ಸ್ಮಾರ್ಟ್‌ಫೋನ್ ಕೊಡಿಸಿದ.

ಬೆಳಗಾವಿ ಬಸ್ಸು ಬೈಲಹೊಂಗಲ ದಾಟುವ ಹೊತ್ತಿಗೆ ಕಾಕಾರ ಫೋನು ಕೂಗುತ್ತದೆ. "ಹಲೋ! ಹಾಂ, ಬಂತ್ರಿ! ಹೇಳ್ಲ್ಯಾ? ನಾಕು... ಏಳು... ಅಲ್ಲಲ್ಲ, ಕನ್ನಡಕ ಹಾಕ್ಕೊಂತೀನಿ ತಡೀರಿ..." ಓಟಿಪಿಯ ಆರೂ ಅಂಕಿ ಹಿಂದಿನ ಸೀಟಿನವರೆಗೆ ಸ್ಪಷ್ಟವಾಗಿ ಕೇಳುತ್ತದೆ. ಎಟಿಎಂ ಪಿನ್ ಅವರು ಹುಟ್ಟಿದ ವರ್ಷ. ಮರೆತುಹೋದೀತೆಂದು ಅದನ್ನೂ ಚೀಟಿಯಲ್ಲಿ ಬರೆದು ಫೋನಿನ ಕವರಿನೊಳಗೆ, ಕಾರ್ಡಿನ ಬೆನ್ನಿಗೇ ಇಟ್ಟಿದ್ದಾರೆ. ಹತ್ತಿಯ ಲೆಕ್ಕ ತಮ್ಮನಿಗೆ ಸಿಗದು. ಪಿನ್ ಮಾತ್ರ ಯಾರಿಗೆ ಬೇಕಾದರೂ ಸಿಗುತ್ತದೆ.

ಝೆರಾಕ್ಸ್ ಅಂಗಡಿಯ ಹುಡುಗನಂತೂ ಕಾಕಾರ ದತ್ತುಮಗ. ಆಧಾರ್ ಕಾರ್ಡಿನ ಹತ್ತು ಪ್ರತಿ ತೆಗೆಸಿದರೆ ಎಂಟು ಮನೆಗೆ ಬರುತ್ತವೆ, ಎರಡು ಅಲ್ಲೇ ಮೇಜಿನ ಮೇಲೆ ಉಳಿಯುತ್ತವೆ. ಫೈಲು ವಾಟ್ಸಾಪಿನಲ್ಲಿ ಕಳಿಸಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ಅದು ತಳವೂರುತ್ತದೆ. ಜಾತ್ರೆಗೆಂದು ಯಲ್ಲಮ್ಮನ ಗುಡ್ಡಕ್ಕೆ ಹೋದರೆ ಲಾಡ್ಜಿಗೊಂದು ಪ್ರತಿ, ಹೊಸ ಸಿಮ್ಮಿಗೊಂದು, ಯಾರೋ ಕೇಳಿದರೆಂದು ಅವರಿಗೂ ಒಂದು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಹೋಟೆಲು, ಸಿನಿಮಾ ಮಂದಿರದಂಥ ಕಡೆ ಆಧಾರ್ ಪ್ರತಿ ಕೊಡಬೇಡಿ, ದುರುಪಯೋಗವಾದೀತು ಎಂದು ಎಚ್ಚರಿಸಿತು. ಎರಡೇ ದಿನಕ್ಕೆ, ಜನ ತಪ್ಪು ತಿಳಿದಾರು ಎಂದು ಕೇಂದ್ರ ಸರ್ಕಾರ ಆ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಿತು. ಜನ ತಪ್ಪು ತಿಳಿಯುವ ಮಾತು ಹಾಗಿರಲಿ, ಆ ಎರಡು ದಿನದಲ್ಲಿ ಕಾಕಾ ಅದನ್ನು ಓದಿರಲೇ ಇಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಪ್ರಾಧಿಕಾರದ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತದೆ ಎಂದರೆ, "ಪುಕ್ಕಟೆ ಸಿಗೂದು ಚಲೋ ಇರ್ತೈತೇನು?" ಎಂದು ಕೇಳಿಯಾರು.

ಟವೆಲ್ಲಿನ ಕೆಳಗೆ ಬೆರಳು ಮುಚ್ಚಿಟ್ಟ ಮನುಷ್ಯ ಈಗ ಅದೇ ಬೆರಳನ್ನು ಕಂಡಕಂಡ ಯಂತ್ರದ ಮೇಲೆ ಒತ್ತುತ್ತಾರೆ. "ಒಂದ್ಸಲ ಬರಲಿಲ್ರಿ, ಮತ್ತೊಮ್ಮೆ ಒತ್ರಿ" ಎಂದರೆ ಮತ್ತೊಮ್ಮೆ. ಆಧಾರ್ ಮೂಲಕ ಹಣ ಕೊಡುವ ಎಇಪಿಎಸ್ ವ್ಯವಸ್ಥೆಗೆ ಬೇಕಾದದ್ದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು, ಇಷ್ಟೇ. ಪಿನ್ ಬೇಡ, ಓಟಿಪಿ ಬೇಡ. ಬ್ಯಾಂಕು ದೂರವಿರುವ ಹಳ್ಳಿಯ ಮುದುಕಿಗೆ ಇದು ದೊಡ್ಡ ಅನುಕೂಲ, ಅಲ್ಲವೆನ್ನುವಂತಿಲ್ಲ. ಆದರೆ 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಇದೇ ದಾರಿಯಲ್ಲಿ ಹಣ ಹೋಯಿತು. ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚನ್ನು ಕಳ್ಳರು ಎತ್ತಿಕೊಂಡಿದ್ದರೆಂದು ತನಿಖೆಯಲ್ಲಿ ತಿಳಿಯಿತು. ಪತ್ರಗಳ ಪ್ರತಿಯಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕೆಲಸಕ್ಕೆ ಇಲಾಖೆ ಆಮೇಲೆ ಇಳಿಯಿತು. ಪಿನ್ ಕಳುವಾದರೆ ಇನ್ನೊಂದು ಹಾಕಿಕೊಳ್ಳಬಹುದು. ಹೆಬ್ಬೆರಳು ಕಳುವಾದರೆ ಕಾಕಾ ಎಲ್ಲಿಗೆ ಹೋಗಬೇಕು?

ನೋಡಿದರೆ ಕಾಕಾರ ಬೇಲಿಯೆಲ್ಲ ಮನೆಮಂದಿಯ ಕಡೆಗಿದೆ. ರಸ್ತೆಯ ಕಡೆ ಬರೀ ಬಯಲು. ತಿಳಿದರೂ ಏನೂ ಮಾಡಲಾಗದ ತಮ್ಮ, ಬೀಗ, ನೆರೆಯವರಿಂದ ಎಲ್ಲವನ್ನೂ ಮುಚ್ಚಿಡುತ್ತಾರೆ. ಯಾವ ಊರಿನವನೋ ಯಾವ ಹೆಸರಿನವನೋ ತಿಳಿಯದವನಿಗೆ ಎಲ್ಲವನ್ನೂ ಒಪ್ಪಿಸುತ್ತಾರೆ.

ಕರೆಂಟಿನ ಸಂಗತಿ ನೋಡಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ಎಷ್ಟೋ ಸಲ ರಾತ್ರಿ. ಮೋಟರ್ ಚಾಲೂ ಮಾಡಲು ಹೊಲಕ್ಕೆ ಹೋಗಬೇಕು, ಬೆಳಕಿಗೆಂದು ಕಾಕಾ ಒಂದು ಬ್ಯಾಟರಿ (ಟಾರ್ಚ್) ಆ್ಯಪ್ ಹಾಕಿಸಿಕೊಂಡಿದ್ದಾರೆ. ಅದು ಫೋನಿನಲ್ಲಿರುವ ನಂಬರುಗಳನ್ನು ಕೇಳಿತು, ಇರುವ ಜಾಗ ಕೇಳಿತು, ಮೈಕ್ ಕೇಳಿತು. ಕಾಕಾ ಎಲ್ಲಕ್ಕೂ ಹೂಂ ಎಂದರು. ಬೆಳಕಿಗೂ ಬೀಗರ ನಂಬರಿಗೂ ಏನು ಸಂಬಂಧ ಎಂದು ಕೇಳಲಿಲ್ಲ. 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥದೇ ಬ್ಯಾಟರಿ ಆ್ಯಪ್ ಒಂದರ ಮೇಲೆ ಕ್ರಮ ಕೈಗೊಂಡಿತ್ತು. ಕೋಟ್ಯಂತರ ಫೋನುಗಳಲ್ಲಿದ್ದ ಅದು, ಫೋನು ಎಲ್ಲಿದೆ ಎಂಬುದನ್ನು ಜಾಹೀರಾತಿನವರಿಗೆ ದಾಟಿಸುತ್ತಿತ್ತು. ಅಂದಹಾಗೆ ಕಾಕಾರ ಫೋನಿನಲ್ಲಿ ಕಂಪನಿಯೇ ಕೊಟ್ಟ ಬ್ಯಾಟರಿ ಮೊದಲಿನಿಂದಲೂ ಇದೆ. ಅದು ಏನನ್ನೂ ಕೇಳುವುದಿಲ್ಲ.

ಕಳ್ಳರ ಭಯಕ್ಕೆ ಮನೆಯ ಮುಂದೆ ಕ್ಯಾಮೆರಾ ಬಂತು. ಅದರ ಮುಖ ಅರ್ಧ ತಮ್ಮ ಬಾಗಿಲಿಗೆ, ಅರ್ಧ ಎದುರಿನವರ ಕಟ್ಟೆಗೆ. ಎದುರುಮನೆಗೆ ಯಾರು ಬಂದರು, ಯಾವಾಗ ಹೋದರು, ಕಾಕಾ ಫೋನಿನಲ್ಲೇ ನೋಡುತ್ತಾರೆ. ಪಾಸ್‌ವರ್ಡ್ ಮಾತ್ರ ಕಾರ್ಖಾನೆಯಿಂದ ಬಂದದ್ದೇ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ ಮತ್ತು ರೂಟರುಗಳನ್ನು ವಶಕ್ಕೆ ತೆಗೆದುಕೊಂಡದ್ದು ಇದೇ ಬದಲಾಯಿಸದ ಪಾಸ್‌ವರ್ಡಿನಿಂದ. ಕಾಕಾ ಎದುರಿನವರನ್ನು ನೋಡುತ್ತಿರುವಾಗ ಕಾಕಾರನ್ನು ಇನ್ಯಾರು ನೋಡುತ್ತಿದ್ದಾರೋ ಹೇಳುವುದು ಕಷ್ಟ.

ಕಿತ್ತೂರ ಉತ್ಸವಕ್ಕೆ ಹೋದಾಗ ಕಾಕಾರ ಕಣ್ಣು ತುಂಬುತ್ತವೆ. "ರಾಯಣ್ಣ ಸಿಗೂ ಮನಷಾ ಆಗಿರ್ಲಿಲ್ಲೋ ತಮ್ಮಾ. ನಮ್ಮವ್ರ ಸುಳಿವು ಕೊಟ್ರು" ಎಂದು ಮೊಮ್ಮಕ್ಕಳಿಗೆ ಹೇಳುತ್ತಾರೆ. ಹೇಳುವುದು ಖರೆ, 1830ರಲ್ಲಿ ಸೆರೆ ಸಿಕ್ಕ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಇಷ್ಟು ಹೇಳಿ ಮೂಗೊರೆಸಿಕೊಂಡ ಕಾಕಾ, ಕೋಟೆಯ ಮುಂದೆ ಮನೆಮಂದಿಯನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದು ಸ್ಟೇಟಸ್ ಹಾಕುತ್ತಾರೆ: "ಕುಟುಂಬ ಸಮೇತ ಕಿತ್ತೂರು. ನಾಳೆ ಸವದತ್ತಿ ಯಲ್ಲಮ್ಮ. ನಾಡದು ವಾಪಸ್." ಮನೆಗೆ ಬೀಗ ಬಿದ್ದ ಸುಳಿವನ್ನು ಈಗ ಶತ್ರು ಹುಡುಕಿಕೊಂಡು ಬರಬೇಕಿಲ್ಲ.

ನಗಲಾಗದ ಸಂಗತಿಯೂ ಇದೆ. 2025ರ ಮಾರ್ಚ್‌ನಲ್ಲಿ, ಕಿತ್ತೂರಿಗೆ ದೂರವಲ್ಲದ ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ, 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸಿ ಹಣ ಸುಲಿದವರ ಕಾಟ ತಾಳದೆ ವೃದ್ಧ ದಂಪತಿ ಪ್ರಾಣ ಬಿಟ್ಟರು. ನಿಮ್ಮ ಗುರುತಿನ ಮೇಲೆ ಯಾರೋ ಸಿಮ್ ತೆಗೆದಿದ್ದಾರೆ ಎಂಬುದೇ ಆ ಕಳ್ಳರ ಮೊದಲ ಮಾತಾಗಿತ್ತು. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು 'ಸಂಚಾರ್ ಸಾಥಿ' ತಾಣ ತೋರಿಸುತ್ತದೆ. ಹಣ ಹೋದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನು ಮಾಡಬೇಕು. ಮರ್ಯಾದೆಗೆ ಅಂಜಿ ಮನೆಯವರಿಂದ ಮುಚ್ಚಿಟ್ಟಷ್ಟೂ ಕಳ್ಳರಿಗೆ ಹೊತ್ತು ಸಿಗುತ್ತದೆ. ಕಾಕಾರ ಗುಟ್ಟಿನ ಚಟ ಅಲ್ಲಿ ಕಳ್ಳನ ಕಡೆಗೇ ದುಡಿಯುತ್ತದೆ.

ಇಷ್ಟು ಹೇಳಿದರೆ ಕಾಕಾ ಕೇಳುವ ಪ್ರಶ್ನೆ: "ಈ ವಯಸ್ಸಿನ್ಯಾಗ ನಂದೇನೈತಿ ಮುಚ್ಚಿಡಾಕ?" ಹತ್ತಿಯ ಲೆಕ್ಕವನ್ನು ಹೆಂಡತಿಗೂ ಹೇಳದವರ ಬಾಯಲ್ಲಿ ಈ ಮಾತು! ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರ ದತ್ತಾಂಶ ರಕ್ಷಣಾ ಕಾಯ್ದೆಯಂತೂ ನಿಮ್ಮ ವಿವರ ಕೇಳುವವರ ಸೂಚನೆಯನ್ನು ಕನ್ನಡದಲ್ಲೂ ಓದುವ ಅವಕಾಶ ಇರಬೇಕು ಎನ್ನುತ್ತದೆ. ಕನ್ನಡದಲ್ಲಿ ಬಂದರೂ ಕಾಕಾ ಓದದೆ ಹೂಂ ಒತ್ತುತ್ತಾರೆ, ಅದು ಬೇರೆ ಮಾತು.

ಕಾಕಾರ ಹೆಂಡತಿ ಕಾಕೂರ ಕಥೆಯೇ ಬೇರೆ. ಕೆವೈಸಿ ಎಂದು ಯಾರಾದರೂ ಫೋನು ಮಾಡಿದರೆ, "ನಮ್ಮನ್ಯಾವ್ರನ್ನ ಕೇಳ್ರಿ" ಎಂದು ಕಟ್ ಮಾಡುತ್ತಾರೆ. ಇದಕ್ಕಿಂತ ಒಳ್ಳೆಯ ರಕ್ಷಣಾ ತಂತ್ರಾಂಶ ಇನ್ನೂ ಬಂದಿಲ್ಲ. ಆದರೆ ಕಾಕೂರ ಗೃಹಲಕ್ಷ್ಮಿ ಖಾತೆಗೆ ಜೋಡಿಸಿರುವುದು ಕಾಕಾರ ನಂಬರು. ಎರಡು ಸಾವಿರ ಬಿದ್ದ ಕೂಡಲೇ ಮೆಸೇಜು ಕಾಕಾರ ಕಿಸೆಯಲ್ಲಿ ಕೂಗುತ್ತದೆ. "ನಿನ್ನ ರೊಕ್ಕ ಬಂದಾವ ನೋಡ!" ಎಂದು ಓಣಿಗೆಲ್ಲ ಕೇಳುವಂತೆ ಸಾರುತ್ತಾರೆ. ಗಂಡನ ಹತ್ತಿಯ ಲೆಕ್ಕ ಹೆಂಡತಿಗೆ ಗೊತ್ತಿಲ್ಲ. ಹೆಂಡತಿಯ ಎರಡು ಸಾವಿರ ಓಣಿಗೆಲ್ಲ ಗೊತ್ತು.

ಕಡೆಗೆ ಧಾರವಾಡದಲ್ಲಿ ಓದುವ ಮೊಮ್ಮಗಳು ಸೂಟಿಗೆ ಬಂದು ಅಜ್ಜನ ಫೋನು ಹಿಡಿದು ಕೂತಳು. ವಾಟ್ಸಾಪಿಗೆ ಎರಡು ಹಂತದ ಪಿನ್ ಹಾಕಿದಳು, ಬ್ಯಾಟರಿ ಆ್ಯಪ್ ಕಿತ್ತಳು. "ಅಜ್ಜಾ, ಇನ್ನ ನಿಮ್ಮ ಬೆರಳ ಲಾಕ್ ಮಾಡ್ತೀನಿ" ಎಂದಾಗ ಕಾಕಾ ಗಾಬರಿಯಾಗಿ, "ಮತ್ತ ರೊಟ್ಟಿ ಹೆಂಗ ಮುರೀಲಿ?" ಎಂದರು. ಲಾಕ್ ಆಗುವುದು ಆಧಾರ್‌ನಲ್ಲಿರುವ ಬೆರಳಚ್ಚು ಎಂದೂ, ರೇಷನ್ ತರುವಾಗ ಸ್ವಲ್ಪ ಹೊತ್ತು ಬಿಚ್ಚಿಕೊಳ್ಳಬಹುದೆಂದೂ ತಿಳಿಸಿ ಹೇಳಬೇಕಾಯಿತು. ಆಮೇಲೆ ಅಜ್ಜಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಅಜ್ಜಿಯ ಖಾತೆಗೆ ಅಜ್ಜಿಯದೇ ನಂಬರು ಹಾಕಿಸಿದಳು. ಕಾಕಾ ಸಂಜೆತನಕ ಮಾತಾಡಲಿಲ್ಲ.

ಬ್ಯಾಂಕಿನಲ್ಲಿ ಒಂದು ಅರ್ಜಿ ಬರೆದುಕೊಟ್ಟರೆ ಖಾತೆಯ ನಂಬರು ಬದಲಾಗುತ್ತದೆ; ಆಧಾರ್‌ನಲ್ಲಿರುವ ನಂಬರನ್ನು ಬೇರೆಯಾಗಿಯೇ ಬದಲಿಸಿಕೊಳ್ಳಬೇಕು. ನಿಮ್ಮ ಮನೆಯ ಹೆಂಗಸರ ಖಾತೆಗೆ ಯಾರ ನಂಬರು ಜೋಡಿಸಿದೆ ಎಂದು ಇವತ್ತೇ ಒಮ್ಮೆ ನೋಡಿಬಿಡಿ.