ಆ ತೊಗರಿ ಕೀಳಬೇಡ

ಬ್ಯಾಡ ಕಣಕ್ಕಾ, ಆ ತೊಗರಿ ಕೀಳಬ್ಯಾಡ! ಗಂಧದ ಸಸಿಗೆ ಹಾಕಿದ ನೀರೆಲ್ಲ ಪಕ್ಕದ ತೊಗರಿ ಕುಡಿದುಬಿಡುತ್ತೆ ಅಂತ ತಾನೆ ನಿನ್ನ ಸಿಟ್ಟು? ಅಲ್ಲಿ ನಡೆಯೋದೇ ಬೇರೆ. ಕುಡಿಯೋದು ಗಂಧ, ಕೊಡೋದು ತೊಗರಿ. ನರ್ಸರಿಯವರು ಒಂದೇ ಚೀಲದಲ್ಲಿ ಎರಡನ್ನೂ ಬೆಳೆಸಿ ಕೊಟ್ಟಿರೋದು ಅದಕ್ಕೇ. ಕೆಲವರು ತೊಗರಿ ಬದಲು ಹೊನಗೊನ್ನೆ ಹಾಕ್ತಾರೆ.

ಗಂಧದ ಸಸಿಗೆ ಹಸಿರೆಲೆ ಇದೆ, ಬಿಸಿಲಲ್ಲಿ ತನ್ನ ಆಹಾರ ತಾನೇ ಮಾಡ್ಕೊಳ್ಳುತ್ತೆ. ಮೊಳೆತ ಹೊಸದರಲ್ಲಿ ಬೀಜದೊಳಗಿನ ಸಾರದಲ್ಲೇ ಚೆನ್ನಾಗಿ ಬರುತ್ತೆ. ಆದರೆ ಮಣ್ಣಿನ ನೀರು, ಲವಣ ಸಾಕಷ್ಟು ಎಳೆಯೋ ತಾಕತ್ತು ಅದರ ಬೇರಿಗಿಲ್ಲ. ಒಂಟಿ ಬಿಟ್ಟರೆ ಎಲೆ ಹಳದಿ ತಿರುಗಿ ಸೊರಗುತ್ತೆ. ಮೊನ್ನೆ ಒಂದು ಚೀಲ ಬಿಚ್ಚಿ, ಬಕೆಟ್ ನೀರಲ್ಲಿ ಮೆಲ್ಲಗೆ ಮಣ್ಣು ತೊಳೆದು ನೋಡಿದೆ. ತೊಗರಿ ಬೇರಿಗೆ ಗಂಧದ ಬೇರು ತಾಗಿದ ಕಡೆಯೆಲ್ಲ ಗುಂಡುಸೂಜಿ ತಲೆಯಷ್ಟು ಬಿಳಿಚು ಗಂಟು. ಬಿಡಿಸೋಕೆ ಹೋದರೆ ಬೇರೇ ಹರಿದುಬಂತು! ಅದು ಹೀರುಬೇರು. ಅಂಚಿನಿಂದ ತೊಗರಿ ಬೇರನ್ನು ಎರಡೂ ಬದಿ ತಬ್ಬಿಕೊಳ್ಳುತ್ತೆ. ನಡುವಿನಿಂದ ಬೆಣೆಯಂಥದೊಂದು ಚೂಪು ಇಳಿದು, ಸಿಪ್ಪೆಯ ಜೀವಕೋಶಗಳನ್ನು ಒತ್ತಿ, ಕರಗಿಸಿ, ನೀರು ಹರಿಯೋ ನಾಳಕ್ಕೇ ಹೋಗಿ ಕೂಡಿಕೊಳ್ಳುತ್ತೆ.

ಇದು ಹೊಸ ಸುದ್ದಿಯೇನಲ್ಲ. 1871ರಲ್ಲೇ ಜಾನ್ ಸ್ಕಾಟ್ ಗಂಧ ಪರಾವಲಂಬಿ ಅಂತ ಬರೆದಿದ್ದರು. ಆಮೇಲೆ ಮದ್ರಾಸಿನ ಸಸ್ಯಶಾಸ್ತ್ರಿ ಸಿ. ಎ. ಬಾರ್ಬರ್ ಈ ಗಂಟನ್ನೇ ತೆಳ್ಳಗೆ ಸೀಳಿ ನೋಡಿ, ಒಳಗಿನ ಕಟ್ಟನ್ನೆಲ್ಲ ವಿವರಿಸಿದರು. 300ಕ್ಕೂ ಹೆಚ್ಚು ಜಾತಿಯ ಗಿಡಗಳ ಬೇರಿಗೆ ಗಂಧ ಹೀಗೆ ಕೂಡಿಕೊಳ್ಳುತ್ತಂತೆ.

ಜೋಳಕ್ಕೆ ಬೀಳೋ ಸ್ಟ್ರೈಗಾ ಕಸ ಮಾತ್ರ ಬೇರೆ ಜಾತಿ. ಅದರ ಧೂಳಿನಂಥ ಬೀಜ ವರ್ಷಗಟ್ಟಲೆ ಮಣ್ಣಲ್ಲಿ ಸುಮ್ಮನಿದ್ದು, ಜೋಳದ ಬೇರು ಬಿಡೋ ರಸಾಯನದ ಸುಳಿವು ಸಿಕ್ಕಿದ ಮೇಲೇ ಮೊಳೆಯೋದು. ಮೊಳೆತು ಕೆಲವೇ ದಿನದಲ್ಲಿ ಬೇರು ಸಿಗದಿದ್ದರೆ ಸತ್ತುಹೋಗುತ್ತೆ. ಸಿಕ್ಕಿತೋ, ಜೋಳದ ಫಸಲು ಹೋಯ್ತು ಅಂತಲೇ ಲೆಕ್ಕ. ಗಂಧಕ್ಕೆ ಅಷ್ಟು ಅವಸರವಿಲ್ಲ.

ಹಿಂದೆ ಹೊಲದಲ್ಲಿ ಗಂಧ ಹುಟ್ಟಿದರೂ ಮರ ಸರ್ಕಾರದ್ದಾಗಿತ್ತು. ಟಿಪ್ಪು 1792ರಲ್ಲಿ ರಾಜವೃಕ್ಷ ಅಂದ ಮೇಲೆ ರೈತನಿಗೆ ಅದರ ಮೇಲೆ ಮಮತೆ ಹೇಗೆ ಬಂದೀತು? 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ಆದಮೇಲೆ ಜಮೀನಿನವನೇ ಮರದ ಒಡೆಯ. ಮಳೆ ಕಮ್ಮಿಯ ನಮ್ಮ ಮದಕರಿಪುರದಂಥ ಕಡೆ ಇದು ದೊಡ್ಡ ಮಾತು ಕಣಕ್ಕಾ. ಆದರೂ ಜನ ಸಾಲು ಸಾಲಾಗಿ ಬರೀ ಗಂಧವನ್ನೇ ನೆಟ್ಟು, ಕಳೆ ಅಂತ ಉಳಿದದ್ದನ್ನೆಲ್ಲ ಕಿತ್ತು, ಆಮೇಲೆ ಗೊಬ್ಬರ ಸುರೀತಾರೆ. ನೋಡಿದರೆ ಹೊಟ್ಟೆ ಉರಿಯುತ್ತೆ. ಕಾಡಲ್ಲಿ ಹಕ್ಕಿ ಹಣ್ಣು ತಿಂದು ಪೊದೆಯೊಳಗೆ ಬೀಜ ಹಾಕುತ್ತೆ. ಅಲ್ಲಿ ಸುತ್ತಲೂ ಬೇರೇ ಬೇರು. ಗಂಧ ತಾನಾಗಿ ಏಳುತ್ತೆ.

ನನ್ನ ಬೇಲಿ ಪಕ್ಕದ ಗಂಧ ಇಷ್ಟು ಸೊಂಪಾಗಿರೋದಕ್ಕೆ ನಿನ್ನ ಹೊಂಗೆಯೇ ಕಾರಣ ಇರಬೇಕು. ಬೇರಿಗೆ ಎಲ್ಲಿಯ ಬೇಲಿ? ನಿನ್ನ ಹೊಂಗೆ ದೊಡ್ಡ ಮರ, ತಡ್ಕೊಳ್ಳುತ್ತೆ. ಪಾಪದ ತೊಗರಿ ಹೆಚ್ಚು ದಿನ ಬಾಳೋದಿಲ್ಲ. ಹೊಂಗೆ, ಸರ್ವೆಯಂಥ ಬಾಳಿಕೆಯ ಮರ ಬೇಕೇ ಬೇಕು. ಹಂಗಾಗಿ ಸಸಿಯಿಂದ ನಾಲ್ಕೈದು ಅಡಿ ಬಿಟ್ಟು ಒಂದು ಗುಂಡಿ ತೆಗೆದಿಡು, ಮಳೆ ಬಿದ್ದ ಕೂಡಲೇ ಹೊಂಗೆ ಸಸಿ ತಂದುಕೊಡ್ತೀನಿ. ಅಲ್ಲೀವರೆಗೆ ತೊಗರಿ ಗಂಧದ ಮೇಲೆ ನೆರಳು ಕವಿಯದಂಗೆ ತುದಿ ಮಾತ್ರ ಚಿವುಟುತ್ತಿರು.