ಹೂ ನೋಡಕ ಬಂದ ಅಳಿಯ

ನಮ್ಮ ಅತ್ತೆಯ ಊರಿನಲ್ಲಿ ನನಗೆ ಎರಡು ಹೆಸರು. ಎದುರಿಗಿದ್ದರೆ ‘ಅಳಿಮಯ್ಯ’. ಬೆನ್ನು ತಿರುಗಿಸಿದರೆ ‘ಹೂ ನೋಡಕ ಬತ್ತರಲ್ಲಾ, ಅವ್ರು’.

ತಾಳವಾಡಿ ಸೀಮೆಗೆ ಮೈಸೂರಿನ ಕಡೆಯಿಂದ ಒಬ್ಬ ಗಂಡಸು ಬರಬೇಕಾದರೆ ಜನ ಒಪ್ಪುವಂಥ ಕಾರಣಗಳಿವೆ. ಮದುವೆ, ತಿಥಿ, ಜಮೀನಿನ ವ್ಯಾಜ್ಯ, ಬಣ್ಣಾರಿ ಅಮ್ಮನ ಕೊಂಡ, ತಪ್ಪಿದರೆ ಕೈಸಾಲ. ಹೂ ನೋಡುವುದು ಇದರಲ್ಲಿ ಸೇರಿಲ್ಲ. ಮೊದಲ ಸಲ ನಾನು ಹಾಗೆಂದಾಗ ಅತ್ತೆ ರಾಗಿ ಕೇರುತ್ತಿದ್ದ ಮೊರವನ್ನು ಅಲ್ಲಾಡಿಸುವುದು ನಿಲ್ಲಿಸಿ, “ಹೂ ನೋಡಕ ಬಂದ್ರಾ? ಅದ್ರಲಿ ಯಾನದ ನೋಡಕ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಗಳ ಮುಖ ನೋಡಿದ್ದರು. ಇವನ ತಲೆ ನೆಟ್ಟಗಿದೆಯೇ ಎಂಬ ಪ್ರಶ್ನೆಯನ್ನು ಕಣ್ಣಿನಲ್ಲೇ ಕೇಳುವ ವಿದ್ಯೆ ಆ ಮನೆತನಕ್ಕೆ ಕರಗತ.

ನಿಜಕ್ಕೂ ತಪ್ಪು ಅವರದೇ. 2001ರ ಮಾರ್ಚಿನಲ್ಲಿ ನಾನು ಆ ಊರಿಗೆ ಹೋದದ್ದು ಹೆಣ್ಣು ನೋಡಲು. ಹಿಂದಿನ ವರ್ಷ ಜುಲೈ 30ರ ರಾತ್ರಿ ಅಲ್ಲೇ ಪಕ್ಕದ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕರೆದೊಯ್ದು, 108 ದಿನ ಕಾಡಿನಲ್ಲಿಟ್ಟುಕೊಂಡು ಬಿಟ್ಟಿದ್ದ. ನಮ್ಮ ಸೋದರಮಾವ ಜೀಪಿನಲ್ಲಿ ಕಿಟಕಿಯ ಪಕ್ಕ ಕೂರಲು ಸುತರಾಂ ಒಪ್ಪದೆ, ಎರಡೂ ಕಡೆ ಒಬ್ಬೊಬ್ಬರು ದಪ್ಪ ನೆಂಟರನ್ನು ಗೋಡೆಯಂತೆ ಕೂರಿಸಿಕೊಂಡಿದ್ದರು. ಅಣ್ಣಾವ್ರನ್ನೇ ಬಿಡದವನು ನಿವೃತ್ತ ಹೆಡ್‌ಕ್ಲಾರ್ಕನ್ನು ಬಿಟ್ಟಾನೆಯೇ ಎಂಬುದು ಅವರ ವಾದ. ಚಾಮರಾಜನಗರ ದಾಟಿ ಸ್ವಲ್ಪ ದೂರ ಹೋದೆವು. ಗುಡ್ಡದ ತಿರುವಿನಲ್ಲಿ ಮಾವ “ಬೆಂಕಿ! ಬೆಂಕಿ! ಗಾಡಿ ತಿರುಗಿಸೋ!” ಎಂದು ಕಿರುಚಿದರು. ಡ್ರೈವರು ನಿಧಾನ ಮಾಡಿ, ಬಗ್ಗಿ ನೋಡಿ, “ಮುತ್ತುಗ ಸಾ” ಎಂದ.

ಎಲೆಯೇ ಇಲ್ಲದ ಸೊಟ್ಟ ಕೊಂಬೆಗಳ ತುಂಬ ಕೆಂಡ. ಒಣಗಿದ ಬೋಳುಗುಡ್ಡದಲ್ಲಿ ಹತ್ತಿಪ್ಪತ್ತು ಮರ ಏಕಕಾಲಕ್ಕೆ ಹೊತ್ತಿಕೊಂಡಿದ್ದವು. ನಾನು ನೋಡುತ್ತಲೇ ಕೂತೆ. ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತು ಮುಗಿದು, “ಹುಡುಗಿಗೆ ಏನಾದ್ರೂ ಕೇಳೋದಿದ್ರೆ ಕೇಳಪ್ಪ” ಎಂದು ಹಿರಿಯರು ಅಪ್ಪಣೆ ಕೊಟ್ಟಾಗ, ಹಾಡು ಬರುತ್ತದೆಯೇ ಎಂದು ಕೇಳಬೇಕಾದವನು “ಆ ಮರಗಳು ಪ್ರತಿ ವರ್ಷವೂ ಹೀಗೆಯೇ ಹೂ ಬಿಡುತ್ತವೆಯೇ?” ಎಂದುಬಿಟ್ಟೆ. ಹುಡುಗಿ ತಲೆಯೆತ್ತದೆ, “ಮುತ್ತುಗನಾ? ಊಟದೆಲೆ ಮರ ಅದು” ಎಂದಳು. ಹೂವಿಗೆ ಸಂಬಂಧಿಸಿ ನಮ್ಮ ದಾಂಪತ್ಯದ ಭಿನ್ನಾಭಿಪ್ರಾಯ ಅಂದು ಶುರುವಾದದ್ದು ಇಂದಿಗೂ ಇತ್ಯರ್ಥವಾಗಿಲ್ಲ.

ತಾಳವಾಡಿ ಎಲ್ಲಿದೆ ಎಂದು ಕೇಳುವವರಿಗೆ ನನ್ನ ಹೆಂಡತಿ ಕೊಡುವ ಉತ್ತರ, “ಮೇಲೆ ಇದೆ” ಎಂದು. ತಮಿಳುನಾಡಿನ ಬಯಲಿನಿಂದ ನೋಡಿದರೆ ಅದು ನಿಜ. ಸತ್ಯಮಂಗಲದ ಕಡೆಯಿಂದ ಬರುವವರು ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ಕಡಿದಾದ ತಿರುವು ಹತ್ತಿ, ತಿಂದದ್ದನ್ನು ಉಳಿಸಿಕೊಂಡರೆ, ಹಾಸನೂರಿನ ಮೇಲೆ ಬಂದು ಸೇರಬೇಕು. ನಾವು ಚಾಮರಾಜನಗರದ ಕಡೆಯವರು ಹೊಲಗಳ ನಡುವೆ ಸಲೀಸಾಗಿ ಹೋಗಿ ಇಳಿಯುತ್ತೇವೆ. 1956ರಲ್ಲಿ ರಾಜ್ಯಗಳನ್ನು ಹಂಚುವಾಗ ಅದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆಯಾದಾಗ ಅದರ ಪಾಲಿಗೆ ಹೋಯಿತು. ಮನೆಯೊಳಗೆ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ತಮಿಳು. ಅಂಗಳದ ಬೇವಿನ ಮರಕ್ಕೆ ಮಾತ್ರ ವರ್ಷಕ್ಕೆ ಎರಡು ಸಲ ಹೊಸ ವರ್ಷ. ಯುಗಾದಿಗೆ ನಮ್ಮತ್ತೆ ಅದರ ಹೂವನ್ನು ಬೆಲ್ಲಕ್ಕೆ ಹಾಕಿದರೆ, ಏಪ್ರಿಲ್ 14ರ ಚಿತ್ತಿರೈ ಹಬ್ಬಕ್ಕೆ ಪಕ್ಕದ ಮನೆಯ ತಮಿಳು ಟೀಚರಮ್ಮ ಅದೇ ಮರದ ಹೂ ಕೇಳಿ ಪಡೆದು ಪಚಡಿ ಮಾಡುತ್ತಾರೆ. ಆ ಪಚಡಿ ಒಂದು ಬಟ್ಟಲು ಈಚೆಗೂ ಬರುತ್ತದೆ. ಹೀಗಾಗಿ ಕಹಿ ತಿನ್ನುವ ವಿಷಯದಲ್ಲಿ ಅಲ್ಲಿನ ಅಳಿಯಂದಿರಿಗೆ ಬೇರೆಯವರಿಗಿಂತ ಅನುಭವ ದುಪ್ಪಟ್ಟು.

ಮುತ್ತುಗದ ವಿಷಯಕ್ಕೆ ಬರೋಣ. ಮದುವೆಯಾದ ಮೇಲೆ ಅಳಿಯನ ಅಧಿಕಾರದಿಂದ ಹೋಗಿ ಮರದ ಬುಡದಲ್ಲೇ ನಿಂತೆ. ಇಂಥ ಹೂವಿಗೆ ಎಂಥ ಪರಿಮಳವಿರಬಹುದೆಂದು ಒಂದನ್ನು ಮೂಗಿಗೆ ಒತ್ತಿಕೊಂಡೆ. ಮುತ್ತುಗಕ್ಕೆ ವಾಸನೆಯೇ ಇಲ್ಲ. ಆದರೆ ಇರುವೆ ಇರುತ್ತದೆ. ಮೂಗು ಕೂಡ ಹೂವಿನ ಬಣ್ಣಕ್ಕೇ ತಿರುಗಿತು. ಈ ಹೂ ಗಿಳಿಮೂಗಿನಂತೆ ಬಾಗಿ, ಮಕರಂದ ತುಂಬಿಕೊಂಡು, ಹಕ್ಕಿಗಳಿಗಾಗಿ ತೆರೆದಿರುವ ಅಂಗಡಿ. ಸೂರಕ್ಕಿ, ಮೈನಾ, ಗಿಳಿ ಬೆಳಿಗ್ಗೆ ಆರಕ್ಕೇ ಬಂದು ಕುಡಿದು ಜಗಳವಾಡುತ್ತವೆ. ಬಣ್ಣಕ್ಕೆ ಮರುಳಾಗುವ ಗಿರಾಕಿಗಳಿಗೆ ಪರಿಮಳ ಯಾಕೆ ಖರ್ಚು ಮಾಡಬೇಕೆಂಬ ವ್ಯಾಪಾರೀ ಬುದ್ಧಿ ಮರದ್ದು. ನಾನೂ ಬಣ್ಣಕ್ಕೆ ಬಂದವನೇ ಆದ್ದರಿಂದ ದೂರುವಂತಿಲ್ಲ.

ಹಠ ಹಿಡಿದು ಓದಿಕೊಂಡೆ. 1757ರ ಪ್ಲಾಸಿ ಕದನ ನಡೆದ ಪಲಾಶಿ ಊರಿಗೆ ಹೆಸರು ಬಂದದ್ದು ಇದೇ ಮರದಿಂದ. ತಮಿಳಿನಲ್ಲಿ ಇದು ಪುರಸು, ಚೆನ್ನೈನ ಪುರಸೈವಾಕ್ಕಂಗೂ ಅದೇ ಮೂಲ ಎನ್ನುತ್ತಾರೆ. ಕ್ಲೈವನ ಯುದ್ಧಕ್ಕೂ ನಮ್ಮ ಮಾವನ ಕಿರುಚಾಟಕ್ಕೂ ಒಂದೇ ಮರ ಸಾಕ್ಷಿ ಎಂದು ಊಟದ ಹೊತ್ತಿನಲ್ಲಿ ವಿವರಿಸಿದೆ. ಭಾವಮೈದ ಎಲ್ಲ ಕೇಳಿ, “ಅಲ್ಲಿಗೂ ಮುತ್ತುಗಕ್ಕ ಎಲ ಮೂರೇ ತಾನೇ ಭಾವ?” ಎಂದು ಸಾರಿಗೆ ಕೈ ಚಾಚಿದ.

ಓದಿನಿಂದ ಇನ್ನೊಂದು ಅನಾಹುತವೂ ಆಯಿತು. ಹೆಣ್ಣು ನೋಡುವಾಗ ಗೋತ್ರ ವಿಚಾರಿಸುವುದಿಲ್ಲವೇ, ಹೂವಿನದನ್ನೂ ವಿಚಾರಿಸಿದೆ. ಮುತ್ತುಗ, ಹೊಂಗೆ, ಕಕ್ಕೆ, ಹುಣಸೆ, ತಂಗಡಿ, ಹಾಲುವಾಣ, ಶಾಲೆಯ ಮುಂದಿನ ಗುಲ್‌ಮೊಹರ್, ಎಲ್ಲವೂ ಸಸ್ಯಶಾಸ್ತ್ರದ ಪ್ರಕಾರ ಅವರೆಕಾಯಿಯ ಕುಟುಂಬ. ಸಗೋತ್ರ! ಇಡೀ ಬೆಟ್ಟ ಅಣ್ಣತಮ್ಮಂದಿರ ಒಂದೇ ವಠಾರ. ಅತ್ತೆಯ ಒಲೆಯ ಮೇಲೆ ಬೇಯುವ ಹುರುಳಿಯೂ ಅದೇ ಬಳಗ. ಬೂರುಗ ಒಂದು ಮಾತ್ರ ದಾಸವಾಳದ ಕಡೆಯ ಬೀಗರು. ಅದರ ಅಂಗೈಯಗಲದ ಕೆಂಪು ಹೂ ಎತ್ತರದಿಂದ ‘ಥಪ್’ ಎಂದು ಬಿದ್ದಾಗಲೆಲ್ಲ ನಾನು ಭಾವುಕನಾಗುತ್ತಿದ್ದೆ. ಬಿಸಿಬೇಳೆಬಾತಿಗೆ ಹಾಕುವ ಮರಾಠಿ ಮೊಗ್ಗು ಇದರದೇ ಎಂದು ತಿಳಿದ ಮೇಲೆ ಭಾವುಕತೆ ಹಸಿವಾಗಿ ಮಾರ್ಪಟ್ಟಿತು. ಇದನ್ನು ಹೇಳಿದಾಗ ಮಾತ್ರ ಅತ್ತೆಯ ಮುಖದಲ್ಲಿ ನನ್ನ ಬಗ್ಗೆ ಕೊಂಚ ಗೌರವ ಕಂಡಂತಾಯಿತು.

ಆ ಗೌರವವನ್ನು ಮರುದಿನವೇ ಕಳೆದುಕೊಂಡೆ. ಕಾಡಿನಂಚಿನಲ್ಲಿ ಹಳದಿ, ಕೇಸರಿ, ಗುಲಾಬಿ ಮೂರೂ ಬಣ್ಣ ಒಂದೇ ಗೊಂಚಲಿನಲ್ಲಿರುವ ಪುಟ್ಟ ಹೂಗಳನ್ನು ಕೈತುಂಬ ಕಿತ್ತು, ಮುಳ್ಳಿನಿಂದ ಅಂಗಿ ಹರಿದುಕೊಂಡು, ಅತ್ತೆಗೆ ಕೊಡಲೆಂದು ತರುತ್ತಿದ್ದೆ. ದಾರಿಯಲ್ಲಿ ಸಿಕ್ಕ ಸೋಲಿಗರ ಅಜ್ಜ ನನ್ನನ್ನೂ ಗೊಂಚಲನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಬುದ್ಯೋರ, ಕಾಡ್ ತಿನ್ನ ಗಿಡ ಕನಿ ಅದು!” ಲಂಟಾನ. ಇನ್ನೂರು ವರ್ಷಗಳ ಹಿಂದೆ ಬ್ರಿಟಿಷರು ಅಮೆರಿಕದ ಕಡೆಯಿಂದ ತೋಟದ ಅಂದಕ್ಕೆಂದು ತಂದದ್ದು, ಬೇಲಿ ಹಾರಿ ಕಾಡನ್ನೇ ನುಂಗುತ್ತಾ ಬಂದಿದೆ. ಹಿಂದೆ ಬೇಸಿಗೆಯ ಮೊದಲಿಗೆ ‘ತರಗು ಬೆಂಕಿ’ ಅಂತ ಸಣ್ಣದಾಗಿ ಹಾಕುತ್ತಿದ್ದೆವು, ಒಣಗೆಲೆ ಉರಿದು ಹುಲ್ಲು ಚಿಗುರುತ್ತಿತ್ತು, ಇದು ಇಷ್ಟು ಸೊಕ್ಕುತ್ತಿರಲಿಲ್ಲ ಎಂದು ಅಜ್ಜ ವಿವರಿಸಿದ. ಕಾನೂನು ಬಂದು ಬೆಂಕಿ ನಿಂತಿತು, ಗಿಡ ನಿಲ್ಲಲಿಲ್ಲ. ಯಾವ ಹೂವಿಗೆ ಯಾವ ಜೇನು, ಎಷ್ಟು ದಿನಕ್ಕೆ ಹುಟ್ಟಿ ತುಂಬುತ್ತದೆ ಎಂದು ಕಂಡಕ್ಟರು ಸ್ಟಾಪ್ ಹೇಳುವಂತೆ ಹೇಳಿದ. ನಾನು ಬರೆದುಕೊಳ್ಳುವಷ್ಟರಲ್ಲಿ ಎರಡು ಸ್ಟಾಪ್ ದಾಟಿದ್ದ. ಹೂ ನೋಡಲು ಬಂದವನು ನಾನೊಬ್ಬನೇ ಅಲ್ಲ, ಆದರೆ ಅಜ್ಜ ನೋಡಿದ್ದನ್ನು ಹೇಳಲು ಅವನಿಗೆ ‘ನೋಡುವುದು’ ಎಂಬ ಪದ ಬೇಕಾಗಿಲ್ಲ.

ಅದೇ ಲಂಟಾನದ ಕಡ್ಡಿಯಿಂದ ಗೂಡಲೂರಿನ ಕಡೆಯ ಆದಿವಾಸಿಗಳು ನಿಜಗಾತ್ರದ ಆನೆಗಳನ್ನು ಹೆಣೆದು, ಅವು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತದ್ದನ್ನು ಪೇಪರಿನಲ್ಲಿ ನೋಡಿದ್ದೆ. ಕಡ್ಡಿಯದಲ್ಲದ ಆನೆಗಳು ತಾಳವಾಡಿಯ ಹೊಲಗಳಲ್ಲಿ ನಿಲ್ಲುತ್ತವೆ. 2023ರ ವಸಂತದಲ್ಲಿ ನಾನು ಹೋದಾಗ ಕರುಪ್ಪನ್ ಎಂಬ ಒಂಟಿ ಸಲಗದ್ದೇ ಮಾತು. ಕಬ್ಬು ಬಾಳೆ ಕೋಸು ಎಂದು ಭೇದವೆಣಿಸದ ಸಮದರ್ಶಿ. ಹಲವು ಸಲ ತಪ್ಪಿಸಿಕೊಂಡು, ಪಳಗಿದ ಕುಮ್ಕಿ ಆನೆಗಳ ಸಹಾಯದಿಂದ ಕಡೆಗೆ ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದ. ಅದಕ್ಕೆ ಮುಂಚೆ ಕೊರಳಿಗೆ ದುರ್ಬೀನು ಹಾಕಿಕೊಂಡು ಕಕ್ಕೆ ಮರದ ಮೊದಲ ಹೂ ಹುಡುಕುತ್ತಾ ಹೊರಟ ನನ್ನನ್ನು ಪಕ್ಕದ ಹಳ್ಳಿಯವರು ಆನೆ ಹಿಡಿಯಲು ಬಂದ ದೊಡ್ಡ ಆಫೀಸರೆಂದು ತಿಳಿದರು. ಮೂರು ಮನೆಯಲ್ಲಿ ಕಾಫಿ, ಒಂದು ಕಡೆ ಮುದ್ದೆ. ತುಳಿದ ಪೈಪು, ಮುರಿದ ಬಾಳೆ ಎಲ್ಲ ತೋರಿಸಿದರು. ನಾನು ಹೂ ನೋಡಲು ಬಂದವನು ಎಂದು ಸತ್ಯ ಹೇಳಿದೆ. ಒಬ್ಬ ಹಿರಿಯ ಪಕ್ಕದವನಿಗೆ ಮೆಲ್ಲಗೆ, “ಸೀಕ್ರೇಟ್ ಡ್ಯೂಟಿ ಕನ, ಹೇಳಂಗಿಲ್ಲ” ಎಂದ. ಆ ರಾತ್ರಿ ಅಟ್ಟಣೆಯಿಂದ ಪಟಾಕಿ ಸದ್ದು ಕೇಳುತ್ತಿದ್ದರೆ, ಎಲ್ಲೋ ಬೇಲಿಯಲ್ಲಿ ಕಾಡುಮಲ್ಲಿಗೆ ಅರಳಿದ ವಾಸನೆ. ಗಂಧಕದ ಜೊತೆ ಮಲ್ಲಿಗೆ ಬೆರೆತರೆ ಹೇಗಿರುತ್ತದೆ ಎಂದು ನನ್ನ ಮೂಗಿಗೆ ಗೊತ್ತು, ಬಾಯಿಗೆ ಹೇಳಲು ಬಾರದು.

ಕಕ್ಕೆ ಕೊನೆಗೂ ಸಿಕ್ಕಿತು. ಮೈತುಂಬ ಹಳದಿ ಜೋತುಬಿಟ್ಟಿದ್ದ ಮರದ ಕೆಳಗೆ ಅರ್ಧ ಗಂಟೆ ನಿಂತು ವಾಪಸು ಬಂದು ವರ್ಣಿಸಿದೆ. “ಕೇರಳದಲ್ಲಿ ವಿಷುವಿಗೆ ಬೆಳಿಗ್ಗೆ ಎದ್ದು ಮೊದಲು ಇದನ್ನೇ ನೋಡುತ್ತಾರೆ ಅತ್ತೆ, ನೋಡುವುದೇ ಅವರಿಗೆ ಹಬ್ಬ” ಎಂದೆ, ನನ್ನ ಪಕ್ಷಕ್ಕೆ ಒಂದು ಇಡೀ ರಾಜ್ಯವನ್ನು ಸೇರಿಸಿಕೊಂಡು. ಅತ್ತೆ, “ಸತ್ಯಮಂಗಲದ ಮಾರ್ಕೆಟ್ಟಲಿ ಮಲ್ಲಿಗ ಕೇಜಿಗ ಎಷ್ಟಂತ?” ಎಂದು ಮಗನನ್ನು ಕೇಳಿದರು.

ಅಂಗಳದಲ್ಲಿ ಒಂದು ದೊಡ್ಡ ಹೊಂಗೆ ಇದೆ. ಯುಗಾದಿಯ ಆಸುಪಾಸು ಎಳೆ ಚಿಗುರಿನ ನಡುವೆ ಹೂ ಬಿಟ್ಟು, ರಾತ್ರಿಯೆಲ್ಲ ಉದುರಿ, ಬೆಳಗಾಗುವಷ್ಟರಲ್ಲಿ ಮೂಟೆ ಪುರಿ ಚೆಲ್ಲಿದಂತಿರುತ್ತದೆ. ಅತ್ತೆಗೆ ಈಗ ಎಪ್ಪತ್ತಾರು, ಮಂಡಿನೋವು. ದಿನಾ ಐದಕ್ಕೆ ಎದ್ದು, ಸೊಂಟದ ಮೇಲೊಂದು ಕೈಯಿಟ್ಟು, ಮರವನ್ನು ಬಯ್ಯುತ್ತಾ ಗುಡಿಸುತ್ತಾರೆ. “ಸುರಿತದ ಸುರಿತದ, ಇದ್ಕ ಯಾನಾಗದ ರೋಗ!” ಗುಡಿಸಿದ್ದು ತಿಪ್ಪೆಗೆ, ಹೊಂಗೆ ಹೂ ಒಳ್ಳೆಯ ಗೊಬ್ಬರ. ಹೋದ ವರ್ಷ ನಾನು ಇದ್ದಾಗಲೇ ಒಂದು ಬೆಳಿಗ್ಗೆ ಭಾವಮೈದ ತಾಯಿಯ ಪಾಡು ನೋಡಲಾರದೆ, “ಕಡ್ಸ್‌ಬುಡ್ತಿನಿ ಕನವ್ವ, ನಿಂಗೂ ಸುಮ್ಗ ತಾಪತ್ರಯ” ಎಂದ.

ಪೊರಕೆ ನಿಂತಿತು. ಅತ್ತೆ ಮರವನ್ನೊಮ್ಮೆ ನೋಡಿದರು, ಮಗನನ್ನು ನೋಡಿದರು, ಜಗಲಿಯ ಮೇಲೆ ಕಾಫಿ ಹಿಡಿದು ಕೂತಿದ್ದ ನನ್ನನ್ನೂ, ಇದೆಲ್ಲ ನನ್ನಿಂದಲೇ ಆದದ್ದೆಂಬಂತೆ, ನೋಡಿದರು.

“ಕಡ್ಸ್‌ಬುಟ್ರ, ನಾ ಬೆಳಗೆದ್ದು ಯಾನ ಗುಡಿಸ್ಲಿ?”