ಸಂಪಾದಕರೇ, ಬನದ ಹುಣ್ಣಿಮೆಗೆ ಬನ್ನಿ

ಕನ್ನಡದ ವೈಚಾರಿಕ ಪತ್ರಿಕೆಗಳ ಸಂಪಾದಕರೇ,

ನಮ್ಮ ಬಾದಾಮಿ ಸೀಮೆಯ ಬಗ್ಗೆ ನಿಮ್ಮಲ್ಲಿ ಬರುವ ಲೇಖನಗಳನ್ನು ತಪ್ಪದೆ ಓದುತ್ತೇನೆ. ಬಾದಾಮಿಯ ಮೇಣಬಸದಿ, ಐಹೊಳೆಯ ಶಾಸನ, ಪಟ್ಟದಕಲ್ಲಿನ ಗುಡಿಗಳು. ಇವುಗಳ ಮೇಲೆ ಇನ್ನೂ ಬರೆಯುವುದು ಬೇಕಾದಷ್ಟಿದೆ, ಬರೆಯಿರಿ. ಆದರೆ ಈಗ ಇಲ್ಲಿ ಬದುಕಿರುವವರ ಕಲೆಗೂ ನಾಲ್ಕು ಪುಟ ಕೊಡಿ ಎಂದು ಕೇಳಲು ಈ ಪತ್ರ.

ಪುಷ್ಯ ಮಾಸದ ಹುಣ್ಣಿಮೆಗೆ, ಅಂದರೆ ಬನದ ಹುಣ್ಣಿಮೆಗೆ, ಬನಶಂಕರಿಯ ತೇರು. ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ನಾಟಕ ಕಂಪನಿಗಳು ಸಾಲಾಗಿ ತಗಡಿನ ಥೇಟರ್ ಹಾಕುತ್ತವೆ. ಒಂದು ಆಟ ಮುಗಿದು ಇನ್ನೊಂದಕ್ಕೆ ಗಂಟೆ ಬಾರಿಸುವಾಗ ಬೆಳಗಾಗಿರುತ್ತದೆ. ಹಾಸ್ಯದ ಪಾತ್ರಧಾರಿ ಮುಂದಿನ ಸಾಲಿನ ಮುಖ ನೋಡಿ ನಿಂತಲ್ಲೇ ಮಾತು ಬದಲಿಸುತ್ತಾನೆ. ಅಂದಿನ ಉಳ್ಳಾಗಡ್ಡಿ ರೇಟು ಅಂದೇ ರಾತ್ರಿ ಸಂಭಾಷಣೆಗೆ ಬಂದಿರುತ್ತದೆ. ಇದೇ ಜಾತ್ರೆಯ ಗಲ್ಲಾದ ಮೇಲೆ ಮಳೆಗಾಲದಲ್ಲಿ ಕಂಪನಿಯವರ ಊಟ, ಪಗಾರ ನಿಂತಿವೆ. ರಂಗಭೂಮಿ ಸತ್ತಿತೋ ಇಲ್ಲವೋ ಎಂದು ಚರ್ಚಿಸುವ ಮೊದಲು ಯಾರಾದರೂ ಕಂಪನಿಯ ಲೆಕ್ಕದ ಪುಸ್ತಕ ಬಿಚ್ಚಿ ನೋಡಬೇಕು.

ಇಳಕಲ್ಲಿಗೂ ಹೋಗಿ. ಅಲ್ಲಿ ಸೀರೆಯ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ತೋಪುತೆನಿ ಸೆರಗು ನೇಯಲು ಬರುತ್ತದೆ. ಬೆರಳಿಗೆ ಗೊತ್ತಿರುವ ಈ ಲೆಕ್ಕವೂ ವಿದ್ವತ್ತೇ. ಅದನ್ನು ಕರಕುಶಲ ಎಂಬ ಪುಟಕ್ಕೆ ತಳ್ಳಿ, ಚಿಂತನೆಯ ಪುಟವನ್ನು ಪ್ರಾಧ್ಯಾಪಕರಿಗಷ್ಟೇ ಕಾಯ್ದಿಡುವುದು ನನಗೆ ಒಪ್ಪಿಗೆಯಿಲ್ಲ.

ವಿಚಾರದ ಪತ್ರಿಕೆ ಈ ಮಣ್ಣಿಗೆ ಹೊಸದೇನಲ್ಲ. ನಮ್ಮ ಬಾಗಲಕೋಟೆ ಸೀಮೆ ಇನ್ನೂ ವಿಜಾಪುರ ಜಿಲ್ಲೆಯಲ್ಲಿದ್ದ ಕಾಲಕ್ಕೆ ವಕೀಲ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ವಚನದ ಓಲೆಗರಿ ಕೂಡಿಸಿದರು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ, ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಮನೆಗಳ ಮಾಡದಲ್ಲಿ, ಮಠಗಳ ಪೆಟ್ಟಿಗೆಯಲ್ಲಿ ಇದ್ದದ್ದನ್ನು ಅವರು ಕನ್ನಡಿಗರ ಚರ್ಚೆಗೆ ತಂದಿಟ್ಟರು. ಪತ್ರಿಕೆ ಓದುಗರ ಹತ್ತಿರ ಹೋಗುವುದು ಎಂದರೆ ಅದು.

ಈ ಸಲದ ಜಾತ್ರೆಗೆ ನಿಮ್ಮ ಒಬ್ಬ ಲೇಖಕರನ್ನಾದರೂ ಕಳಿಸಿ, ಒಂದೇ ರಾತ್ರಿಗಲ್ಲ, ಜಾತ್ರೆ ಕರಗುವವರೆಗೆ. ಗುಳೇದಗುಡ್ಡ, ಹುನಗುಂದದ ಕಡೆ ಬರೆಯಬಲ್ಲ ಹುಡುಗ ಹುಡುಗಿಯರಿದ್ದಾರೆ. ಅವರಿಂದಲೂ ಬರೆಸಿ, ಬರೆದದ್ದಕ್ಕೆ ಸಂಭಾವನೆ ಕೊಡಿ. ಅಚ್ಚಾದ ಸಂಚಿಕೆಯ ಒಂದಿಷ್ಟು ಪ್ರತಿ ಕಂಪನಿಯ ಬಿಡಾರಕ್ಕೂ ಮಗ್ಗದ ಮನೆಗಳಿಗೂ ತಲುಪಲಿ. ನೀವು ಬರೆದದ್ದು ಸರಿಯೋ ತಪ್ಪೋ, ಅವರೇ ಓದಿ ಉತ್ತರ ಬರೆಯುತ್ತಾರೆ. ಆ ಪತ್ರಗಳನ್ನೂ ಅಚ್ಚು ಹಾಕಿ.

ಬನಶಂಕರಿಯ ಒಬ್ಬ ಓದುಗ